ಹಗ್ಗದಾಚೆ

ಮಗಳು ತಲೆ ಎತ್ತುವಷ್ಟರಲ್ಲಿ ಗಿರಣಿಯವನು ಮರದ ಹಿಂದೆ ಸರಿದುಕೊಂಡ. ಅವಳು ನೋಡಿದ್ದು ಅವನನ್ನಲ್ಲ, ಗಾಳಿಯನ್ನು. ಒಂದು ಚಿಟಿಕೆ ಹುಲ್ಲು ಕಿತ್ತು ತೂರಿದಳು. ಅದು ಹಾರಿದ ದಿಕ್ಕು ಕಂಡುಕೊಂಡು ಗಾಲ್ಫ್ ಕೋಲು ಬದಲಿಸಿದಳು. ಅದನ್ನು ಕಲಿಸಿದವನು ಅವನೇ. ಕಾಳು ತೂರಿ ಬದುಕಿದವನಿಗೆ ಗಾಳಿಯ ಬುದ್ಧಿಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಬರುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದ.

ಅವನದು ಗಿರಣಿಯ ಗಂಟಲು. ದಿನವಿಡೀ ಕಲ್ಲಿನ ಸದ್ದನ್ನು ಮೀರಿ ಕೂಗಿ ಕೂಗಿ, ಉಪ್ಪು ಕೇಳಿದರೂ ಬೀದಿಗೆ ಕೇಳಿಸುತ್ತಿತ್ತು. ಮಗಳ ಗಾಲ್ಫ್ ಪಂದ್ಯಗಳಲ್ಲೂ ಅದೇ ಗಂಟಲು. “ತಲೆ ಎತ್ತಬೇಡ! ಮೊಣಕಾಲು ಮಡಚು!” ಮೈದಾನದ ಅಂಚಿಗೆ ಕಟ್ಟಿದ ಹಗ್ಗದಾಚೆ ನಿಂತವರು ಆಟಗಾರರಿಗೆ ಬುದ್ಧಿ ಹೇಳಕೂಡದು, ಹೇಳಿದರೆ ದಂಡ ಬೀಳುವುದು ಆಟಗಾರರಿಗೆ. ಗೊತ್ತಿದ್ದೂ ಬಾಯಿ ನಿಲ್ಲುತ್ತಿರಲಿಲ್ಲ. ಹಿಂದಿನ ಪಂದ್ಯದಲ್ಲಿ ತೀರ್ಪುಗಾರನೊಡನೆಯೇ ಜಗಳಕ್ಕೆ ನಿಂತ. ಅವಳನ್ನು ತಮ್ಮ ತಂಡಕ್ಕೆ ಸೇರಿಸಿಕೊಳ್ಳಲೆಂದು ಬಂದಿದ್ದ ಕಾಲೇಜಿನ ಕೋಚು ಅದನ್ನೆಲ್ಲ ನೋಡಿದ. “ಹುಡುಗಿ ಚಿನ್ನ. ಆದ್ರೆ ಆ ಅಪ್ಪನ್ನ ಕಟ್ಕೊಂಡು ಯಾರು ಏಗ್ತಾರೆ?” ಎಂದು ಬೇರೊಬ್ಬಳನ್ನು ಆರಿಸಿಕೊಂಡು ಹೋದ.

ಅಂದಿನಿಂದ ಮನೆಯಲ್ಲಿ ಮಾತು ಸತ್ತಿತು. ಇರುವವರೇ ಇಬ್ಬರು. ತಾಯಿ ಹೋದ ಮೇಲೆ ಅಪ್ಪನ ಗದ್ದಲ, ಮಗಳ ನಗು, ಇವೆರಡೇ ಆ ಮನೆಯನ್ನು ತುಂಬುತ್ತಿದ್ದವು. ಈಗ ತಟ್ಟೆಗೆ ಚಮಚ ತಾಗಿದರೂ ಬೆಚ್ಚಿಬೀಳುವಂತಾಗಿತ್ತು. ನಿನ್ನೆ ಊಟದ ಹೊತ್ತಿಗೆ ಅವಳೇ ಬಾಯಿ ಬಿಟ್ಟಳು.

“ನಾಳೆ ಇನ್ನೊಂದು ಕಾಲೇಜಿನ ಕೋಚ್ ಬರ್ತಾರಪ್ಪ. ಇದೂ ತಪ್ಪಿದ್ರೆ ಮುಗೀತು. ನಿನ್ನ ಜೊತೆ ನಾನೂ ಹಿಟ್ಟು ಬೀಸೋದೇ.”

“ಹಿಟ್ಟು ಬೀಸೋದು ಅಷ್ಟು ಕೇವಲವೇನೇ?”

“ನೀನು ಬರಬೇಡ. ಅಷ್ಟೇ ಕೇಳ್ತಿರೋದು.”

“ಬಾಯಿ ಮುಚ್ಕೊಂಡು ನಿಂತಿರ್ತೀನಿ ಕಣೇ.”

“ನೀನಾ?” ಎಂದು ನಕ್ಕಳು. ಆ ನಗುವಿನಲ್ಲಿ ನಗು ಇರಲಿಲ್ಲ. ಬರುವುದಿಲ್ಲ ಎಂದು ಅವನು ಮಾತು ಕೊಡಲೇಬೇಕಾಯಿತು.

ಮರಗಳ ಸಾಲಿನಲ್ಲಿ ನುಸುಳುತ್ತ ಅವನು ಕೋಚನ್ನು ಹುಡುಕಿದ. ತಡವಾಗಲಿಲ್ಲ. ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಕಪ್ಪು ಕೊಡೆ ಹಿಡಿದ ಒಬ್ಬರು ಮಗಳು ಹೋದಲ್ಲೆಲ್ಲ ಹಗ್ಗದ ಗುಂಟ ಹೋಗುತ್ತಿದ್ದರು. ಅವರ ಹಿಂದೆ ಒಬ್ಬಿಬ್ಬರು ತಾಯಂದಿರು, ಯಾರದೋ ಚಿಕ್ಕಮ್ಮನಂಥ ಒಬ್ಬ ಹೆಂಗಸು, ನೀರು ಕುಡಿಯುತ್ತ ನಡೆದಿದ್ದರು. ಕೊಡೆಯವರು ಬೇರೆ ಹುಡುಗಿಯರತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಮಗಳ ಚೆಂಡು ಮರಳಿನ ಗುಂಡಿಗೆ ಬಿತ್ತು. “ಕಾಲು ಅಗಲ ಮಾಡು!” ಎನ್ನುವುದು ಅಪ್ಪನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಕರ್ಚೀಫು ಕಚ್ಚಿ ಹಿಡಿದ. ಅವಳು ಕಾಲು ಅಗಲ ಮಾಡಿಯೇ ನಿಂತಳು. ಚೆಂಡು ಮರಳು ಕೊಡವಿಕೊಂಡು ಮೇಲೆದ್ದು ಬಾವುಟದ ಬುಡಕ್ಕೆ ಉರುಳಿತು. ಎಲ್ಲರ ಚಪ್ಪಾಳೆ ಮುಗಿದ ಮೇಲೆ ಕೊಡೆಯವರು ಮೆಲ್ಲಗೆ ತಟ್ಟಿದರು. ಎಂಥ ಗತ್ತು, ಎಂದುಕೊಂಡ ಗಿರಣಿಯವನು.

ಕೊನೆಗೂ ತಡೆಯಲಾಗಲಿಲ್ಲ. ಮಗಳು ದಿಬ್ಬ ದಾಟಿದ್ದೇ ತಡ, ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು ಅವರ ಪಕ್ಕಕ್ಕೆ ಹೋದ.

“ಆಟ ಹೇಗಿದೆ ಸಾರ್?”

“ನಂಗೇನು ತಿಳಿಯುತ್ತೆ ಸ್ವಾಮಿ. ಚೆಂಡು ಹೋಗುತ್ತೆ, ಮಕ್ಕಳು ಅದರ ಹಿಂದೆ ಹೋಗ್ತಾರೆ.”

ಗಿರಣಿಯವನು ಒಳಗೊಳಗೇ ನಕ್ಕ. ಪಳಗಿದ ದಲ್ಲಾಳಿಯೂ ಹೀಗೆಯೇ. ಒಳ್ಳೆಯ ಎತ್ತು ಕಂಡರೆ ಹಲ್ಲು ನೋಡುವುದಿಲ್ಲ, ಆಕಾಶ ನೋಡುತ್ತಾನೆ.

“ಆ ಉದ್ದನೆ ಹುಡುಗಿಗೋಸ್ಕರ ಬಂದಿರೋ ಹಾಗಿದೆ?”

“ಅವಳಿಗೋಸ್ಕರಾನೇ.”

ಎದೆ ಗಿರಣಿಯ ಬೆಲ್ಟಿನಂತೆ ಬಡಿದುಕೊಂಡಿತು. “ಪಾಪ, ಅವರಪ್ಪ ಬಂದಿಲ್ವಂತೆ,” ಎಂದ.

ಕೊಡೆಯವರು ಗಕ್ಕನೆ ತಿರುಗಿದರು. “ಯಾರಂದ್ರು? ಬಂದಿದಾರೆ.”

ಗಿರಣಿಯವನು ಟೋಪಿಯನ್ನು ಇನ್ನಷ್ಟು ಕೆಳಗೆಳೆದ. ಗುರುತು ಹಿಡಿದೇಬಿಟ್ಟರು! ಇನ್ನೇನು, ಮಗಳ ಬಾಳಿಗೆ ತಾನೇ ಕಲ್ಲು ಹಾಕಿದಂತಾಯಿತು.

“ಬಂದ್ರೆ... ತೊಂದ್ರೆ ಇಲ್ವಾ ಸಾರ್?”

“ಏನು ತೊಂದ್ರೆ? ಕೊನೇವರೆಗೂ ಬಾಯಿ ಬಿಡದೆ ನಿಂತಿದ್ರೆ ಸಾಕು. ಅವಳಿಗೆ ಬೇಕಾಗಿರೋದೇ ಅಂಥ ಅಪ್ಪ.”

ಅಷ್ಟು ಹೇಳಿ ಕೊಡೆಯವರು ಮುಂದೆ ಸರಿದರು. ಗಿರಣಿಯವನಿಗೆ ಅವರ ಕಾಲಿಗೆ ಬೀಳೋಣ ಎನಿಸಿತು. ಎಂಥ ದೊಡ್ಡ ಮನಸ್ಸು! ಎಲ್ಲಾ ಗೊತ್ತಿದ್ದೂ ಒಂದು ಅವಕಾಶ ಕೊಟ್ಟಿದ್ದಾರೆ.

ಆಮೇಲೆ ಅವನು ಕಲ್ಲಾದ. ಮಗಳ ಚೆಂಡು ಮರಕ್ಕೆ ಬಡಿದಾಗಲೂ ಉಸಿರೆತ್ತಲಿಲ್ಲ. ಕೊನೆಯ ಕುಳಿಯಲ್ಲಿ, ದೂರದಿಂದ ತಟ್ಟಿದ ಚೆಂಡು ಇಳಿಜಾರಿನಲ್ಲಿ ಬಳಸಿ ಬಂದು, ಅಂಚಿನಲ್ಲಿ ತಡವರಿಸಿ, ಒಳಗೆ ಬಿದ್ದಾಗಲೂ ಇಲ್ಲ. ಬೇರೆ ಹುಡುಗಿಯರನ್ನು ಅವರವರ ಮನೆಯವರು ಬಂದು ತಬ್ಬಿಕೊಂಡರು. ಇವಳು ಒಬ್ಬಳೇ ನಿಂತು, ಒರೆಸಿದ್ದ ಚೆಂಡನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಇನ್ನು ಅಡಗುವುದೇಕೆ? ಕೋಚ್‌ಗೆ ಗೊತ್ತೇ ಇದೆಯಲ್ಲ. ಟೋಪಿ ತೆಗೆದು, ಕೂದಲು ತೀಡಿಕೊಂಡು, ಗಿರಣಿಯವನು ಮರದ ಮರೆಯಿಂದ ಹಗ್ಗದವರೆಗೆ ಬಂದ.

ಅಷ್ಟರಲ್ಲಿ ಪಂದ್ಯದ ಮೇಲ್ವಿಚಾರಕ, ಅವನು ಯಾರದೋ ಚಿಕ್ಕಮ್ಮ ಎಂದುಕೊಂಡಿದ್ದ ಆ ಹೆಂಗಸನ್ನು ಮಗಳ ಮುಂದೆ ಕರೆತಂದ. “ಕೋಚ್ ಮೇಡಂ, ನೀವು ಕೇಳಿದ ಹುಡುಗಿ ಇವಳೇ.”

“ಆಟ ನೋಡಿದೆ ಮರೀ, ಅದರಲ್ಲಿ ಎರಡು ಮಾತಿಲ್ಲ,” ಎಂದರು ಆಕೆ. “ಆದ್ರೆ ಮನೆಯವರನ್ನ ನೋಡದೆ ನಾನು ಯಾರನ್ನೂ ತಂಡಕ್ಕೆ ಸೇರಿಸಲ್ಲ. ಹಿಂದೆ ನಿಮ್ಮಪ್ಪ ಏನೋ ರಂಪ ಮಾಡಿದ್ರಂತೆ?”

ಮಗಳು ತಲೆ ಎತ್ತಿದಳು. ಹಗ್ಗದಾಚೆ ನಿಂತಿದ್ದ ಗಿರಣಿಯವನ ಮೇಲೆ ಅವಳ ಕಣ್ಣು ಬಿತ್ತು, ಅಲ್ಲೇ ನಿಂತಿತು. ಅವನು ಬಾಯಿ ತೆರೆಯಲಿಲ್ಲ. ಅವಳು ಮೆಲ್ಲಗೆ ಪಕ್ಕಕ್ಕೆ ತಿರುಗಿ, ಅಷ್ಟರಲ್ಲಿ ಬಳಿಗೆ ಬಂದು ನಿಂತಿದ್ದ ಕೊಡೆಯವರ ತೋಳು ಹಿಡಿದುಕೊಂಡಳು.

“ಅದು ಯಾರೋ ಬೇರೆಯವರು ಮೇಡಂ. ನಮ್ಮಪ್ಪ ಇವರು. ಮಾತು ತುಂಬಾ ಕಮ್ಮಿ.”