ಮುಂಗೈ ಮೇಲಿನ ಬುರುಡೆ

ನಂಜಪ್ಪನ ಕೊರಳಪಟ್ಟಿ ಹಿಡಿದು ಎಳೆತಂದು ಆವಲಪ್ಪ ಅವನನ್ನು ಕರೆಂಟಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದ.

ಪೀಣ್ಯದ ಆ ಕಾರ್ಖಾನೆಗೆ ಆವಲಪ್ಪ ಸೂಪರ್‌ವೈಸರ್, ನಂಜಪ್ಪ ಹೊಸ ಎಲೆಕ್ಟ್ರಿಷಿಯನ್. ಎಂಬತ್ತೆರಡರ ಆಯುಧಪೂಜೆಯ ರಜೆ ಮುಗಿದು ಬಾಗಿಲು ತೆರೆದ ದಿನವೇ, ಅಲ್ಲೇ ಆಗಷ್ಟೇ ಕೆಲಸಕ್ಕೆ ಸೇರಿದ್ದ ಆವಲಪ್ಪನ ತಮ್ಮ ಲಕ್ಷ್ಮಯ್ಯ ಸ್ಪ್ಯಾನರ್ ತರಲು ಹೋಗಿ, ಈ ಪೆಟ್ಟಿಗೆಯೊಳಗೆ ಕೈಯಿಟ್ಟು ಸತ್ತ. ಇದ್ದವನೊಬ್ಬನೇ ತಮ್ಮ. ಮಣ್ಣು ಮಾಡಿ ಮೂರು ದಿನವಾಗಿತ್ತು.

ನಂಜಪ್ಪನ ಮುಂಗೈ ಮೇಲೆ ಹಚ್ಚೆಯಿತ್ತು. ತಲೆಬುರುಡೆ, ಕೆಳಗೆರಡು ಮೂಳೆ. ಊರಿನ ಜನ ಚೇಳು ಹಾಕಿಸಿಕೊಳ್ಳುತ್ತಾರೆ, ರಾಮನ ಹೆಸರು ಹಾಕಿಸಿಕೊಳ್ಳುತ್ತಾರೆ. ಮೈಮೇಲೆ ಮಸಣ ಹೊತ್ತು ತಿರುಗುವವನು ಎಂಥವನು? ಮಾಟದವನು ಎಂದಿದ್ದ ಗೇಟು ಕಾಯುವ ಮುನಿಯಣ್ಣ. ಒಂದು ಕೊಲೆಗೆ ಒಂದು ಬುರುಡೆ ಎಂದಿದ್ದಳು ಕಸ ಗುಡಿಸುವ ಮರಿಯಮ್ಮ. ಆವಲಪ್ಪ ಎರಡನ್ನೂ ನಂಬಿದ್ದ. ಈ ಪೀಡೆಯ ಕಾಲ್ಗುಣ ತಟ್ಟದಿರಲೆಂದೇ ಈ ಸಲ ಎಂದಿಲ್ಲದ ಭಕ್ತಿಯಿಂದ ಪೂಜೆ ಮಾಡಿ, ಒಂದು ಯಂತ್ರ, ಒಂದು ಬಾಗಿಲು ಬಿಡದೆ ವಿಭೂತಿ ಬಳಿದಿದ್ದ. ಆದರೂ ದೇವರು ಕೈಬಿಟ್ಟಿದ್ದ.

"ನನ್ ತಮ್ಮನ್ನ ತಿಂದ್ಕೊಂಡ್ಯಲ್ಲೋ. ಇವತ್ತೇ ಜಾಗ ಖಾಲಿ ಮಾಡು."

ನಂಜಪ್ಪ ಕೊರಳು ಬಿಡಿಸಿಕೊಂಡು ನಿಧಾನವಾಗಿ ಹೇಳಿದ. ಅವನ ಅಪ್ಪನೂ ಕರೆಂಟು ಹೊಡೆದೇ ಸತ್ತವನು. ಅವನು ಸತ್ತ ಜಾಗದಲ್ಲಿದ್ದದ್ದು ಬರೀ ಅಕ್ಷರದ ಎಚ್ಚರಿಕೆ ಬೋರ್ಡು; ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅದಕ್ಕೇ ಈ ಹಚ್ಚೆ. ಓದು ಬಾರದ ಹೊಸಬರು ಯಾರೇ ಬರಲಿ, ಮೊದಲು ಮುಂಗೈ ತೋರಿಸುತ್ತಿದ್ದ.

"ಲಕ್ಷ್ಮಯ್ಯಂಗೂ ತೋರ್ಸಿದ್ದೆ ಸಾರ್. ಈ ಬುರುಡೆ ಕಂಡ ಕಡೆ ಕೈ ಇಡಬೇಡ ಅಂತ. ತಪ್ಪದೆ ಪಾಲಿಸ್ತಿದ್ದ."

"ಮತ್ತೆ ಯಾಕೋ ಇಟ್ಟ?" ಆವಲಪ್ಪ ಕಿರುಚಿದ.

ನಂಜಪ್ಪ ಪಕ್ಕಕ್ಕೆ ನೋಡಿದ. ಪೆಟ್ಟಿಗೆಗೆ ಒತ್ತಿಕೊಂಡೇ ಸ್ಪ್ಯಾನರ್ ಇಡುವ ಬೀರು. ಅದೇ ಅಳತೆ, ಅದೇ ಬಣ್ಣ. ಎರಡರ ಬಾಗಿಲಿಗೂ ದಪ್ಪನೆಯ ವಿಭೂತಿ, ನಡುವೆ ಕುಂಕುಮ. ಯಾವುದು ಯಾವುದೆಂದು ಹೇಳುವಂತಿರಲಿಲ್ಲ. ಅವನು ಒದ್ದೆ ಬಟ್ಟೆ ತಂದು ಕರೆಂಟಿನ ಪೆಟ್ಟಿಗೆಯ ಬಾಗಿಲನ್ನು ಒರೆಸಿದ.

ಆವಲಪ್ಪ ತನ್ನ ಕೈಯಾರೆ ಬಳಿದಿದ್ದ ವಿಭೂತಿಯ ಅಡಿಯಿಂದ ತಲೆಬುರುಡೆ ಕಾಣಿಸಿಕೊಂಡಿತು.