ನೆತ್ತಿ ಮುಟ್ಟದ ಕೈ

‘ಐ ವಿಶ್ ಟು ಮೇಕ್ ಅಮೆಂಡ್ಸ್’ ಎಂದು ಬರೆದು ಸುಧಾಕರನ್ ಪೆನ್ನು ಎತ್ತಿದ. ವೆಲ್ಲಿಂಗ್ಟನ್ನಿನ ಮಿಲಿಟರಿ ಆಫೀಸಿನಲ್ಲಿ ಇಪ್ಪತ್ತು ವರ್ಷ ಸಾಹೇಬರ ಪತ್ರಗಳನ್ನು ಟೈಪ್ ಮಾಡಿದವನಿಗೆ ಆ ಮಾತು ಎಲ್ಲಿ ಕೂರಬೇಕೆಂದು ಗೊತ್ತಿತ್ತು. ಮನೆಯಲ್ಲಾಡುವ ಬಡಗ ಮಾತನ್ನು ಅವನು ಎಂದೂ ಬರೆದವನಲ್ಲ. ಒಂಬತ್ತು ವರ್ಷದಿಂದ ಮುಖ ಕಾಣದ ತಂಗಿ ವಸಂತಾಮಣಿಗೆ ಇಂಗ್ಲಿಷಿನಲ್ಲೇ ತಪ್ಪೊಪ್ಪಿಕೊಳ್ಳಬೇಕಿತ್ತು.

ಕಾಗದ ಒಯ್ಯಲು ಅತ್ತೆಯ ಊರಾದ ದೇವಾಲಕ್ಕೆ ಹೊರಟು ನಿಂತಿದ್ದ ಮಗಳು ಜನನಿ ಅದನ್ನು ಓದಿದಳು. “ಇಂಗ್ಲಿಷೇನೋ ಸರಿಯಾಗೇ ಅದೆ ಅಪ್ಪ. ಆದ್ರೆ ಅತ್ತೆ ಏನು ನಿನ್ನ ಕರ್ನಲ್ಲಾ? ಯಾವ ತಪ್ಪಿಗೆ ಅಂತ ಬರೆದೇ ಇಲ್ಲೆ!”

“ಅವಳಿಗೆ ಗೊತ್ತು.”

“ಎನಗೆ ಗೊತ್ತಿಲ್ಲೆ.”

ಸುಧಾಕರನ್ ಬಾಗಿಲ ಕಡೆ ನೋಡಿದ. ಅವರ ಹಟ್ಟಿಯಲ್ಲಿ ಕಿರಿಯರು ತಲೆ ಬಗ್ಗಿಸಿದರೆ ಹಿರಿಯರು ನೆತ್ತಿ ಮುಟ್ಟಿ ಹರಸಬೇಕು. ಬೇರೆ ಜಾತಿಯವನನ್ನು ಮದುವೆಯಾದ ದಿನ ವಸಂತಾಮಣಿ ಇದೇ ಬಾಗಿಲಲ್ಲಿ ಅಣ್ಣನ ಮುಂದೆ ತಲೆ ಬಗ್ಗಿಸಿದ್ದಳು. ಅವನು ಕೈಗಳನ್ನು ಕೋಟಿನ ಜೇಬಿನಿಂದ ತೆಗೆದಿರಲಿಲ್ಲ. ಅವಳು ಬಹಳ ಹೊತ್ತು ಹಾಗೇ ಬಗ್ಗಿ ನಿಂತಿದ್ದಳು.

“ಬಸ್ಸಿಗೆ ಹೊತ್ತಾಯ್ತು,” ಎನ್ನುತ್ತ ಜನನಿ, ಹೊರಡುವಾಗಲೆಲ್ಲ ಮಾಡುವಂತೆ, ಅಪ್ಪನ ಮುಂದೆ ತಲೆ ಬಗ್ಗಿಸಿದಳು. ಅವನ ಅಂಗೈ ಅವಳ ನೆತ್ತಿಯ ಮೇಲಿಳಿಯಿತು. ಎಷ್ಟು ಹೊತ್ತಾದರೂ ಅದನ್ನು ತೆಗೆಯಲಾಗಲಿಲ್ಲ.

“ಅಪ್ಪ?”

“ಕಾಗದ ಇಲ್ಲೇ ಇರಲಿ,” ಎಂದ. “ನಡೆ, ನಾನೂ ಬಂದೆ.”

ಗೂಟದಲ್ಲಿ ತೂಗುತ್ತಿದ್ದ ಕೋಟನ್ನು ಮುಟ್ಟದೆ, ಸುಧಾಕರನ್ ಬರಿಗೈಯಲ್ಲಿ ಚಳಿಗೆ ಇಳಿದ.