ಡಾರ್ಕಸ್ ತೊಳೆದ ಚರ್ಮ

ಸೋಮವಾರ ಬೆಳಿಗ್ಗೆ ಅಚ್ಚಿನ ಮನೆಯ ಬಾಗಿಲು ತೆಗೆದ ಎನಾಕ್ ವಿಗಿನ್, ಒಲೆಯ ಪಕ್ಕದ ಹಗ್ಗದ ಮೇಲೆ ನೇತಾಡುತ್ತಿದ್ದ ಎರಡು ಕುರಿಚರ್ಮಗಳನ್ನು ಕಂಡು ಅಲ್ಲೇ ನಿಂತುಬಿಟ್ಟ. ಮುಟ್ಟಿ ನೋಡಿದರೆ ಹಲಗೆಯಂತೆ ಗಟ್ಟಿ. ಹೊಗಳಿಕೆಗಾಗಿ ಕಾಯುತ್ತ ಡಾರ್ಕಸ್ ಅವನ ಹಿಂದೆಯೇ ನಿಂತಿದ್ದಳು. ಮದುವೆಯಾಗಿ ಮೂರು ವಾರವಾಗಿತ್ತು. ಸಾಬೂನು ಕಾಯಿಸುವವರ ಮನೆಯ ಮಗಳು, ಕೊಳೆ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಭಾನುವಾರ ಕೆಲಸ ಮಾಡುವಂತಿಲ್ಲವೆಂದು ಶನಿವಾರ ಹೊತ್ತು ಮುಳುಗುವ ಮೊದಲೇ, ಮೂಲೆಯಲ್ಲಿ ಗಬ್ಬು ನಾರುತ್ತಿದ್ದ ಮರದ ಬಕೆಟ್ಟನ್ನು ಹೊರಗೆ ಸುರಿದು, ಒಳಗಿದ್ದ ಚರ್ಮಗಳನ್ನು ಸಾಬೂನು ಹಾಕಿ ಉಜ್ಜಿ ಉಜ್ಜಿ ತೊಳೆದು ಒಣಗಿಸಿದ್ದಳು.

ಎನಾಕ್ ಬಯ್ಯಲಿಲ್ಲ. ಕಾಗದದ ಕಟ್ಟಿನ ಮೇಲೆ ಕುಳಿತು, ನೆಲ ನೋಡುತ್ತ ಒಂದೊಂದಾಗಿ ಹೇಳಿದ. ಆ ಚರ್ಮದೊಳಗೆ ಉಣ್ಣೆ ತುಂಬಿ ಉಂಡೆ ಕಟ್ಟಿ, ಅದರಿಂದಲೇ ಅಚ್ಚಿನ ಮೊಳೆಗಳಿಗೆ ಮಸಿ ಬಡಿಯಬೇಕು. ಚರ್ಮ ಮೆತ್ತಗಿರದಿದ್ದರೆ ಅರ್ಧ ಅಕ್ಷರಗಳು ಕಾಗದಕ್ಕೆ ಬರುವುದೇ ಇಲ್ಲ. ಮೆತ್ತಗಿರಬೇಕೆಂದರೆ ರಾತ್ರಿಯೆಲ್ಲ ನೆನೆಯಬೇಕು. ನೀರಿನಲ್ಲಲ್ಲ.

"ಮತ್ತೆ ಇನ್ಯಾವುದರಲ್ಲಿ?"

ಅವನ ಕಿವಿ ಕೆಂಪಾಯಿತು. "ಉಚ್ಚೇಲಿ," ಎಂದ. "ಮದುವೆಯಾದ ದಿನಾನೇ ಹೇಳ್ಬೇಕು ಅಂದ್ಕೊಂಡೆ. ನೀನು ದಿಂಬಿನ ಬಟ್ಟೆಗೂ ಲ್ಯಾವೆಂಡರ್ ಹೂ ಇಡೋಳು. ಬಾಯಿ ಬರಲಿಲ್ಲ."

ಅಷ್ಟರಲ್ಲಿ ಪುಸ್ತಕದ ಮೂಟೆ ಹೊತ್ತು ಊರೂರು ತಿರುಗುವ ಜೇಬೆಜ್ ಬಂದ. ಮರುದಿನ ಬೆಳಗಿನ ದೋಣಿಗೆ ಅವನು ಪೋರ್ಟ್ಸ್‌ಮತ್ ಬಿಟ್ಟು ನದಿಯಾಚೆಯ ಹಳ್ಳಿಗಳಿಗೆ ಹೊರಡುವವನು. ಉಬ್ಬರವಿಳಿತ, ಗ್ರಹಣ, ಜಾರ್ಜ್ ದೊರೆಯ ಹುಟ್ಟುಹಬ್ಬ ಎಲ್ಲವೂ ಇದ್ದ ಎನಾಕನ ಹೊಸ ವರ್ಷದ ಪಂಚಾಂಗದಲ್ಲಿ ಕೊನೆಯ ಹಾಳೆಯೊಂದು ಅಚ್ಚಾಗುವುದು ಬಾಕಿಯಿತ್ತು. ಅದಿಲ್ಲದಿದ್ದರೆ ಬಾಸ್ಟನ್ ಪಟ್ಟಣದ ಅಚ್ಚಿನವರ ಪಂಚಾಂಗ ಹೊರುತ್ತೇನೆಂದು ಜೇಬೆಜ್ ಮುಚ್ಚುಮರೆಯಿಲ್ಲದೆ ಹೇಳಿದ. ಒಲೆಯ ಪಕ್ಕದ ಮೊಳೆಗೆ ಒಂದು ಪಂಚಾಂಗ ನೇತುಹಾಕಿದ ಮನೆಯವರು ಆ ವರ್ಷ ಇನ್ನೊಂದನ್ನು ಕೊಳ್ಳುವುದಿಲ್ಲ. ಎನಾಕ್, ಡಾರ್ಕಸರ ಚಳಿಗಾಲದ ಊಟವೆಲ್ಲ ಈ ಮಾರಾಟದಲ್ಲೇ ಇತ್ತು.

ಮತ್ತೆ ನೆನೆಸಿದರೆ ಚರ್ಮ ಸರಿಹೋದೀತೇ ಎಂದು ಡಾರ್ಕಸ್ ಕೇಳಿದಳು. ಒಂದು ಹಾಳೆಯ ಮಟ್ಟಿಗಾದರೆ ಮಧ್ಯಾಹ್ನದ ಹೊತ್ತಿಗೇ ಸಾಕಷ್ಟು ಮೆತ್ತಗಾಗಬಹುದು, ಆದರೆ ಅರ್ಧ ಬಕೆಟ್ಟಾದರೂ ಬೇಕು, ಅದೂ ಹಳತಾಗಿರಬೇಕು ಎಂದ ಎನಾಕ್. ಸಂಗತಿ ತಿಳಿದ ಜೇಬೆಜ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬೆಳಿಗ್ಗೆಯಿಂದ ಬರೀ ಸೇಬಿನ ಮದ್ಯ ಕುಡಿದಿದ್ದೀನಿ ತಾಯಿ. ನನ್ನ ಪಾಲು ನಾನು ಕೊಡ್ತೀನಿ."

"ಕೊಡಿ. ಅದನ್ನೇ ನೆಪ ಮಾಡ್ಕೊಂಡು ಪಂಚಾಂಗದ ಬೆಲೆ ಇಳಿಸಿ ಅನ್ಬೇಡಿ," ಎಂದು ಡಾರ್ಕಸ್ ಬಕೆಟ್ಟು ಎತ್ತಿಕೊಂಡಳು.

ಎನಾಕ್ ದಡಬಡಿಸಿ ಎದ್ದು, ಬೀದಿಯ ಮನೆಮನೆಗೆ ತಾನೇ ಹೋಗುವೆನೆಂದ.

"ನೀವು ಹೋದ್ರೆ ಅವರಿಗೆ ಬಾಯಿಬಿಟ್ಟು ಹೇಳೋಕೆ ಇನ್ನೂ ಮೂರು ವಾರ ಬೇಕು," ಎಂದಳು.

ಮೊದಲ ಮನೆಯೇ ಕಷ್ಟದ್ದು. ಚರ್ಚಿನ ಹಿರಿಯರ ಹೆಂಡತಿ ರೂಹಮಳ ಹೊಸ್ತಿಲ ಧೂಳಿನ ಬಗ್ಗೆ ಡಾರ್ಕಸ್ ಹೋದ ವಾರವಷ್ಟೇ ಬಾವಿಕಟ್ಟೆಯಲ್ಲಿ ಮಾತಾಡಿದ್ದಳು, ಆ ಮಾತು ರೂಹಮಳ ಕಿವಿಗೆ ಬಿದ್ದಿತ್ತು. ಈಗ ಡಾರ್ಕಸ್ ಬಕೆಟ್ಟು ಕೆಳಗಿಟ್ಟು, ತನ್ನಿಂದಾದ ತಪ್ಪನ್ನೂ ತನಗೆ ಬೇಕಾದುದನ್ನೂ ಒಂದೇ ಉಸಿರಿಗೆ ಹೇಳಿದಳು. ರೂಹಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನಮ್ಮನೇಲಿ ಇರೋದೆಲ್ಲ ಕೊಳೆನೇ ಅಂದಿದ್ಯಂತೆ. ಇದು ನಿನಗಾಗುತ್ತೇನಮ್ಮ?"

"ಆಗುತ್ತೆ ಅಕ್ಕಾ. ನಿನ್ನೆ ಮೊನ್ನೇದಿದ್ರೆ ಇನ್ನೂ ಒಳ್ಳೇದು."

ರೂಹಮಳ ತುಟಿಯ ಬಿಗಿ ಸಡಿಲಿತು. ಹಿಂದಿನ ದಿನ ಭಾನುವಾರವೆಂದು ಆ ಮನೆಯಲ್ಲಿ ಯಾರೂ ರಾತ್ರಿಯ ಉಚ್ಚೆಪಾತ್ರೆಗಳನ್ನು ಚೆಲ್ಲಿರಲಿಲ್ಲ. ಒಳಗಿನಿಂದ ತಾನೇ ತಂದು ಸುರಿದಳು. ಅಷ್ಟೇ ಅಲ್ಲ, ಪಕ್ಕದ ಮನೆಯವಳನ್ನೂ ಕೂಗಿ ಕರೆದಳು. ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ತುಂಬಿದ ಬಕೆಟ್ಟು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸದೆ ಡಾರ್ಕಸ್ ಆ ಬೀದಿಯ ನಡುವೆಯೇ ನಡೆದು ಬಂದಳು.

ಮಧ್ಯಾಹ್ನ ಚರ್ಮ ಮೆದುವಾಯಿತು. ಎನಾಕ್ ಅದನ್ನು ಕಾಲಲ್ಲಿ ತುಳಿದು ಹಿಂಡಿ, ಉಣ್ಣೆ ತುಂಬಿ ಒಂದು ಉಂಡೆ ಕಟ್ಟಿದ. ಅವನನ್ನು ನೋಡುತ್ತಲೇ ಡಾರ್ಕಸ್ ಇನ್ನೊಂದನ್ನು ಕಟ್ಟಿದಳು. ಅವಳು ಮಸಿ ಬಡಿದಳು, ಅವನು ಅಚ್ಚು ಒತ್ತಿದ. ಹೊತ್ತು ಇಳಿಯುವಾಗ ಕೊನೆಯ ಹಾಳೆಗಳು ಹಗ್ಗದ ಮೇಲೆ ಒಣಗುತ್ತಿದ್ದವು, ಒಂದು ಅಕ್ಷರವೂ ಮಸುಕಾಗಿರಲಿಲ್ಲ. ಜೇಬೆಜ್ ಒಂದನ್ನು ಬೆಳಕಿಗೆ ಹಿಡಿದು ನೋಡಿ, ಬಾಸ್ಟನ್ನಿನ ಮಾತನ್ನೇ ಎತ್ತದೆ ತನ್ನ ಮೂಟೆಯಲ್ಲಿ ಜಾಗ ಮಾಡತೊಡಗಿದ.

ಊಟಕ್ಕೆ ಕರೆಯಲು ಹಿತ್ತಿಲಿಗೆ ಹೋದ ಡಾರ್ಕಸ್ ಬಾಗಿಲಲ್ಲೇ ನಿಂತಳು. ಎನಾಕ್ ಜಾಡಿಯಿಂದ ವಿನೆಗರ್ ಸುರಿದುಕೊಂಡು ಮೊಣಕೈವರೆಗೂ ತಿಕ್ಕುತ್ತಿದ್ದ. ಮೂಸಿ ನೋಡಿ ಮತ್ತೆ ತಿಕ್ಕುತ್ತಿದ್ದ. ಮದುವೆಯಾದಂದಿನಿಂದ ಪ್ರತಿ ಸಂಜೆಯೂ ಅವನ ಕೈಯಿಂದ ಬರುತ್ತಿದ್ದ ಹುಳಿ ವಾಸನೆ ಅಚ್ಚಿನವರಿಗೆಲ್ಲ ಇರುವಂಥದ್ದೇ ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು.

ಹತ್ತಿರ ಹೋಗಿ ಜಾಡಿ ಕಿತ್ತುಕೊಂಡು ಬಿರಡೆ ಹಾಕಿದಳು. "ಇದು ಸೌತೆಕಾಯಿ ನೆನೆಹಾಕೋಕೆ ಬೇಕು," ಎಂದು ಅವನ ಒದ್ದೆ ಕೈ ಹಿಡಿದಳು. "ರೊಟ್ಟಿ ಆರ್ತಾ ಇದೆ, ಬನ್ನಿ."